ಇಪ್ಪತ್ಮೂರು ಗೂಡ್ಸ್ ಗಾಡಿ ಹೊರುವ ಪಾದ

ಯಾದಗಿರಿ ಜಿಲ್ಲೆಯ ಸೈದಾಪುರ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಹಾದುಹೋಗುವಾಗ ಡಬ್ಬಿ ಎಣಿಸದ ಹುಡುಗರಿಲ್ಲ. ಕಲ್ಲಿದ್ದಲು ತುಂಬಿದ ಗಾಡಿಯಾದರೆ ಸಾಮಾನ್ಯವಾಗಿ 58 ಡಬ್ಬಿ, ಒಂದೊಂದರಲ್ಲಿ ಹತ್ತಿರ ಹತ್ತಿರ 60 ಟನ್ ಮಾಲು. ನೆಲ ಅದುರುತ್ತದೆ, ಬೆಂಚಿನ ಮೇಲೆ ಕುಂತವರ ಎದೆಯೂ ಒಂದು ಗಳಿಗೆ ಅದುರುತ್ತದೆ. ಅದೇ ಪ್ಲಾಟ್‌ಫಾರ್ಮಿನ ಮೇಲೆ ಗಂಟು ಪಕ್ಕಕ್ಕಿಟ್ಟು, ಚಪ್ಪಲಿ ಬಿಟ್ಟು ಕುಳಿತ ತಾಯಿಯ ಪಾದ ನೋಡಿ. ಎರಡೂ ಬೇಡ, ಒಂದನ್ನೇ ನೋಡಿ. ಆ ಒಂದು ಪಾದ ವರ್ಷಕ್ಕೆ ಇಂಥ 23 ಗಾಡಿಗಳ ಭಾರ ಹೊರುತ್ತದೆ.

ಲೆಕ್ಕ ಕಷ್ಟದ್ದಲ್ಲ. 50 ಕಿಲೊ ತೂಗುವ ಹೆಣ್ಣುಮಗಳು ಎಂದು ಹಿಡಿಯೋಣ. ಹೊತ್ತು ಮೂಡುವ ಮೊದಲು ನೀರು, ಕಸಮುಸುರೆ, ರೊಟ್ಟಿ. ಆಮೇಲೆ ಹತ್ತಿ ಬಿಡಿಸಲಿಕ್ಕೋ ನೆಲ್ಲು ಹಚ್ಚಲಿಕ್ಕೋ ಹೊಲದ ದಾರಿ. ಸಂಜೆ ಮತ್ತೆ ಮನೆ, ಮತ್ತೆ ಒಲೆ. ದಿನಕ್ಕೆ 8,000 ಹೆಜ್ಜೆ ಎಂದರೆ ಕಡಿಮೆಯೇ ಹಿಡಿದಂತೆ. ಒಂದು ಪಾದದ ಪಾಲಿಗೆ 4,000. ನಡೆಯುವಾಗ ಒಂದೊಂದು ಹೆಜ್ಜೆಗೂ ಪಾದದ ಮೇಲೆ ಬೀಳುವುದು ಮೈತೂಕಕ್ಕಿಂತ ತುಸು ಹೆಚ್ಚು, ಸುಮಾರು 1.1 ಪಟ್ಟು. ಅಂದರೆ 55 ಕಿಲೊ. 4,000 ಸಲ 55 ಕಿಲೊ ಬಿದ್ದರೆ 2,20,000 ಕಿಲೊ, ಒಂದೇ ದಿನಕ್ಕೆ 220 ಟನ್. ಹದಿನಾರು ದಿನಕ್ಕೆ ಒಂದು ಪೂರ್ತಿ ಗೂಡ್ಸ್ ಗಾಡಿ. ವರ್ಷಕ್ಕೆ 80,300 ಟನ್. ಮೂವತ್ತು ವರ್ಷದ ಸಂಸಾರದಲ್ಲಿ 24 ಲಕ್ಷ ಟನ್, ಅದೂ ಒಂದೇ ಪಾದಕ್ಕೆ. ತಲೆಯ ಮೇಲೆ ಹೊತ್ತ 15 ಕಿಲೊ ನೀರಿನ ಕೊಡ, ಮೇವಿನ ಹೊರೆ, ಕಂಕುಳಲ್ಲಿನ ಕೂಸು ಇವು ಯಾವುವೂ ಈ ಲೆಕ್ಕದಲ್ಲಿ ಸೇರಿಲ್ಲ.

ಇಷ್ಟು ಹೊರುವ ಆ ಯಂತ್ರದ ಅಳತೆ ಒಂದು ಗೇಣು. ಅದರೊಳಗೆ 26 ಎಲುಬು, 33 ಕೀಲು, ಅವನ್ನು ಕಟ್ಟಿಹಿಡಿದ ನೂರಕ್ಕೂ ಮೀರಿದ ಅಸ್ಥಿರಜ್ಜುಗಳು. ಮೈಯಲ್ಲಿರುವ 206 ಎಲುಬುಗಳಲ್ಲಿ 52, ಅಂದರೆ ಕಾಲು ಭಾಗ, ಎರಡು ಪಾದಗಳಲ್ಲೇ ಇವೆ. ಹೆಬ್ಬೆರಳಿನ ಬುಡದಡಿ ಈ ಎಣಿಕೆಗೆ ಸಿಗದ ಇನ್ನೆರಡು ಪುಟ್ಟ ಎಲುಬುಗಳಿವೆ. ವೈದ್ಯರು ಅವನ್ನು ಸೆಸಮಾಯ್ಡ್ ಎನ್ನುತ್ತಾರೆ, ಎಳ್ಳಿನಂಥವು ಎಂದು ಅರ್ಥ. ಹೆಸರು ಎಳ್ಳಿನದಾದರೂ ಗಾತ್ರ ಶೇಂಗಾ ಕಾಳಿನಷ್ಟು. ಹಿಮ್ಮಡಿ ಎತ್ತಿ ಮುಂದಿನ ಹೆಜ್ಜೆಗೆ ಮೈ ತಳ್ಳುವ ಪ್ರತಿ ಸಲವೂ ಆ ಎರಡು ಕಾಳು ನಮ್ಮನ್ನು ಎತ್ತಿ ಹಿಡಿಯುತ್ತವೆ.

ಪಾದದ ಮುಂಭಾಗ ಭಾರ ಹಂಚಿಕೊಳ್ಳುವ ರೀತಿಯನ್ನು 1930ರ ದಶಕದಲ್ಲಿ ಅಮೆರಿಕದ ಡಡ್ಲಿ ಮಾರ್ಟನ್ ಒಂದು ಸರಳ ಲೆಕ್ಕದಲ್ಲಿ ಹೇಳಿದರು. ಭಾರವನ್ನು ಆರು ಪಾಲು ಮಾಡಿ. ಹೆಬ್ಬೆರಳಿನ ಹಿಂದಿನ ಎಲುಬಿಗೆ ಎರಡು, ಉಳಿದ ನಾಲ್ಕಕ್ಕೆ ಒಂದೊಂದು. ಹಿಮ್ಮಡಿ ಎದ್ದಾಗ 55 ಕಿಲೊ ಪೂರ್ತಿ ಮುಂಭಾಗದ ಮೇಲೆ ಬರುತ್ತದೆ. ಆ ಲೆಕ್ಕದಂತೆ ಹೆಬ್ಬೆರಳಿನ ಬುಡಕ್ಕೆ 18 ಕಿಲೊ, ಉಳಿದ ಒಂದೊಂದಕ್ಕೂ 9 ಕಿಲೊ. ಅದನ್ನು ತಡೆಯುವುದು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಗುಂಡನೆಯ ಎಲುಬಿನ ತುದಿ, ಅದರ ಮೇಲೆ ಒಂದೆರಡು ಮಿಲಿಮೀಟರ್ ದಪ್ಪದ ಮೃದ್ವಸ್ಥಿ, ಅಡಿಯಲ್ಲಿ ಮೆತ್ತೆಯಂತೆ ಒಂದಿಷ್ಟು ಕೊಬ್ಬು.

ರುಮಟಾಯ್ಡ್ ಸಂಧಿವಾತ ಕೈಹಾಕುವುದು ಇಲ್ಲಿಗೇ.

ಕೀಲಿನ ಒಳಗೋಡೆಗೆ ಒಂದು ಪೊರೆಯ ಹೊದಿಕೆ ಇದೆ. ಆರೋಗ್ಯವಂತರಲ್ಲಿ ಆ ಹೊದಿಕೆಯ ಮೇಲ್ಪದರ ಒಂದರಿಂದ ಮೂರು ಜೀವಕೋಶದಷ್ಟೇ ದಪ್ಪ, ತಲೆಗೂದಲಿಗಿಂತ ತೆಳು. ರೋಗ ಬಂದಾಗ ಮೈಯ ಕಾವಲು ಪಡೆ ತನ್ನ ಮನೆಯ ಗೋಡೆಯನ್ನೇ ಶತ್ರುವೆಂದು ತಿಳಿಯುತ್ತದೆ. ಮೇಲ್ಪದರ ಹತ್ತು ಕೋಶಗಳ ದಪ್ಪ ಮೀರಿ ಬೆಳೆದು, ಬಾತು, ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯತೊಡಗುತ್ತದೆ. ಬಾವು ಕೀಲಿನ ಚೀಲವನ್ನು ಹಿಗ್ಗಿಸುತ್ತದೆ, ಕಟ್ಟುಗಳು ಸಡಿಲುತ್ತವೆ. ಅಲ್ಲಿಂದ ಮುಂದಿನ ಹಾನಿಯಲ್ಲಿ ನಡಿಗೆಯೂ ಪಾಲುದಾರ. ದಿನಕ್ಕೆ 4,000 ಸಲ 55 ಕಿಲೊ ಬಿದ್ದಾಗ ಸಡಿಲಾದ ಬೆರಳು ಮೇಲಕ್ಕೆ ಜಾರುತ್ತದೆ, ಎಲುಬಿನ ತುದಿ ಕೆಳಕ್ಕೆ ಕುಸಿಯುತ್ತದೆ, ಕೊಬ್ಬಿನ ಮೆತ್ತೆ ಬೆರಳಿನ ಜೊತೆ ಮುಂದಕ್ಕೆ ಸರಿದುಬಿಡುತ್ತದೆ. ಎಲುಬಿಗೂ ನೆಲಕ್ಕೂ ನಡುವೆ ಉಳಿಯುವುದು ಚರ್ಮವೊಂದೇ. ಅಲ್ಲಿ ಆಣಿ ಕಟ್ಟುತ್ತದೆ, ಆಣಿ ಒಡೆದು ಹುಣ್ಣಾಗುತ್ತದೆ. ಹೆಬ್ಬೆರಳು ಕಿರುಬೆರಳಿನ ಕಡೆ ವಾಲುತ್ತದೆ. ವಾಲುವಿಕೆ 15 ಡಿಗ್ರಿಯ ಒಳಗಿದ್ದರೆ ಸಹಜ. ಈ ರೋಗದಲ್ಲಿ ಅದು 40 ಡಿಗ್ರಿಯನ್ನೂ ದಾಟಿ ಹೆಬ್ಬೆರಳು ಪಕ್ಕದ ಬೆರಳಿನ ಅಡಿಗೋ ಮೇಲಕ್ಕೋ ಹೋಗಿ ಕೂರುತ್ತದೆ. ಎರಡು ಪಾಲು ಹೊರಬೇಕಾದವನೇ ಹೊರೆ ಇಳಿಸಿದಾಗ ಅದು ಎರಡನೆಯ, ಮೂರನೆಯ ಎಲುಬಿನ ಮೇಲೆ ಬೀಳುತ್ತದೆ.

ನಮ್ಮ ಕಡೆ ಹೆಣ್ಣುಮಕ್ಕಳು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: “ಅಂಗಾಲ ಕೆಳಗ ಹರಳ ಹಾಸಿದಂಗ ಆಗ್ತದ್ರೀ.” ಬೇರೆ ದೇಶಗಳ ರೋಗಿಗಳೂ ವೈದ್ಯರ ಮುಂದೆ ಬೆಣಚುಕಲ್ಲಿನ ಮೇಲೆ, ಗೋಲಿಗಳ ಮೇಲೆ ನಡೆದ ಹಾಗಾಗುತ್ತದೆ ಎಂದೇ ಹೇಳುತ್ತಾರೆ. ಆ ಹರಳು ಹೊರಗಿನದಲ್ಲ, ಕೆಳಕ್ಕೆ ಕುಸಿದ ತಮ್ಮದೇ ಎಲುಬಿನ ತುದಿ.

ಇಂಥ ಪಾದಗಳು ಎಷ್ಟಿರಬಹುದು? 1993ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ದೆಹಲಿಯ ಹತ್ತಿರದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಸುಮಾರು 40,000 ದೊಡ್ಡವರನ್ನು ವಿಚಾರಿಸಿದರು. 299 ಜನರಲ್ಲಿ ರುಮಟಾಯ್ಡ್ ಸಂಧಿವಾತ ಖಚಿತವಾಯಿತು, ನೂರಕ್ಕೆ 0.75. ಕೇಳಲು ಸಣ್ಣ ಅಂಕಿ. ಅದನ್ನು ಯಾದಗಿರಿ ಜಿಲ್ಲೆಗೆ ತಂದು ನೋಡೋಣ. 2011ರ ಜನಗಣತಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಸೇರಿ ಸುಮಾರು 11.7 ಲಕ್ಷ ಜನ. ದೊಡ್ಡವರು ಏಳು ಲಕ್ಷ ಎಂದು ಹಿಡಿದರೆ, ಅದೇ ಪ್ರಮಾಣದಲ್ಲಿ 5,250 ರೋಗಿಗಳಾಗುತ್ತಾರೆ. ಸ್ಲೀಪರ್ ಬೋಗಿಗೆ 72 ಜನರಂತೆ ಕೂರಿಸಿದರೆ 73 ಬೋಗಿ, ಸೈದಾಪುರದಲ್ಲಿ ನಿಲ್ಲುವ ಉದ್ದನೆಯ ಮೂರು ಎಕ್ಸ್‌ಪ್ರೆಸ್ ಗಾಡಿ ತುಂಬಿ ಇನ್ನೂ ಜನ ಉಳಿಯುತ್ತಾರೆ. ಅವರಲ್ಲಿ ನಾಲ್ವರಿಗೆ ಮೂವರು ಹೆಂಗಸರು. ಫಿನ್‌ಲ್ಯಾಂಡಿನ ಹೈನೊಲಾ ಆಸ್ಪತ್ರೆಯ ಶಸ್ತ್ರವೈದ್ಯ ಕೌಕೊ ವೈನಿಯೊ 1956ರಲ್ಲಿ ತಮ್ಮಲ್ಲಿಗೆ ಬಂದ ನೂರಾರು ರೋಗಿಗಳ ಕಾಲು ಪರೀಕ್ಷಿಸಿದಾಗ ಹತ್ತರಲ್ಲಿ ಹೆಚ್ಚು ಕಡಿಮೆ ಒಂಬತ್ತು ಜನರ ಪಾದಕ್ಕೆ ರೋಗ ಮುಟ್ಟಿತ್ತು. ಆಗಿನ್ನೂ ರೋಗವನ್ನು ಹದ್ದುಬಸ್ತಿನಲ್ಲಿಡುವ ಈಗಿನ ಔಷಧಗಳು ಬಂದಿರಲಿಲ್ಲ. ಔಷಧ ಸಿಗದೆ ಹೋದರೆ ನಮ್ಮ 73 ಬೋಗಿಗಳ ಕಾಲುಗಳ ಗತಿಯೂ ಅದೇ.

1800ರಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಒಬ್ಬ ಎಳೆಯ ವೈದ್ಯ, ಲಾಂದ್ರೆ-ಬೋವೆ, ಈ ರೋಗವನ್ನು ಬೇರೆಯದೇ ರೋಗವೆಂದು ಗುರುತಿಸಿ ಬರೆದರು. ಅವರ ಮುಂದಿದ್ದದ್ದು ಒಂಬತ್ತೇ ರೋಗಿಗಳು, ಒಂಬತ್ತೂ ಹೆಂಗಸರು. 1859ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಈಗಿನ ಹೆಸರಿಟ್ಟರು. ಅದಾಗಿ ಹನ್ನೆರಡು ವರ್ಷಕ್ಕೆ, 1871ರಲ್ಲಿ, ಮುಂಬೈಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು, ಸೈದಾಪುರದ ನೆಲದ ಮೇಲೆ ರೈಲು ಓಡಿತು. ಹಳಿ ಬಾಗಿದರೆ ಅಳೆದು ನೇರ ಮಾಡುವ ವಿದ್ಯೆ ಆಗಲೇ ಇತ್ತು. ಬೆರಳುಗಳೆಲ್ಲ ಮಡಚಿ ಕುಸಿದ ಪಾದವನ್ನು ನೇರ ಮಾಡುವ ವಿದ್ಯೆಗೆ ಇನ್ನೂ ನಾಲ್ಕು ದಶಕ ಬೇಕಾಯಿತು.

ಅಮೆರಿಕದ ಫಿಲ್ ಹಾಫ್‌ಮನ್ 1911ರ ಹೊತ್ತಿಗೆ ಒಂದು ದಿಟ್ಟ ಹೆಜ್ಜೆ ಇಟ್ಟರು. ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡು ಎಲುಬಿನ ತುದಿಗಳು ನೆಲ ಕಾಣುತ್ತಿದ್ದರೆ, ಅಂಗಾಲಿನ ಕಡೆಯಿಂದ ಕೊಯ್ದು ಆ ಗುಂಡನೆ ತುದಿಗಳನ್ನೇ ತೆಗೆದುಬಿಡುವುದು. 1959ರಲ್ಲಿ ಬ್ರಿಟನ್ನಿನ ಫೌಲರ್, 1960ರಲ್ಲಿ ಡೆನ್ವರಿನ ಮ್ಯಾಕ್ ಕ್ಲೇಟನ್ ಇದನ್ನು ರುಮಟಾಯ್ಡ್ ಪಾದಕ್ಕೆ ಹೊಂದುವಂತೆ ತಿದ್ದಿದರು. ಇಂದಿಗೂ ತೀರಾ ಕೆಟ್ಟ ಪಾದಕ್ಕೆ ಮಾಡುವ ಶಸ್ತ್ರಕ್ರಿಯೆಯ ಬುನಾದಿ ಇದೇ.

ಆಪರೇಷನ್ ಕೋಣೆಯಲ್ಲಿ ಟನ್ನುಗಳ ಮಾತಿಲ್ಲ, ಎಲ್ಲವೂ ಮಿಲಿಮೀಟರ್ ಮತ್ತು ಡಿಗ್ರಿಗಳಲ್ಲಿ. ಮೊದಲ ಅಳತೆ ಪಾದದ್ದೂ ಅಲ್ಲ, ಕತ್ತಿನದು! ಈ ರೋಗ ಕತ್ತಿನ ಮೊದಲೆರಡು ಎಲುಬಿನ ಕಟ್ಟನ್ನೂ ಸಡಿಲಿಸಬಲ್ಲದು. ಅಲ್ಲಿನ ಒಂದು ಸಂದು ದೊಡ್ಡವರಲ್ಲಿ 3 ಮಿಲಿಮೀಟರ್ ಮೀರಬಾರದು. ಮೀರಿದ್ದು ಗೊತ್ತಿಲ್ಲದೆ ಅರಿವಳಿಕೆ ಕೊಡುವಾಗ ಕತ್ತನ್ನು ಅತಿಯಾಗಿ ಬಾಗಿಸಿದರೆ ಬೆನ್ನುಹುರಿಗೇ ಅಪಾಯ. ಕಾಲಿನ ಆಪರೇಷನ್ನಿಗೆ ಬಂದವರಿಗೆ ಕುತ್ತಿಗೆಯ ಎಕ್ಸ್‌ರೇ ಯಾಕೆ ಎಂದು ಮನೆಯವರು ಕೇಳಿದರೆ ಉತ್ತರ ಆ ಮೂರು ಮಿಲಿಮೀಟರ್. ಎಷ್ಟೋ ಸಲ ಪೂರ್ತಿ ಮಂಪರಿನ ಅರಿವಳಿಕೆ ಬೇಕಾಗುವುದೂ ಇಲ್ಲ. ಹರಡಿನ ಸುತ್ತ ಐದು ನರಗಳಿಗೆ ಸೂಜಿಮದ್ದು ಕೊಟ್ಟರೆ ಪಾದ ಮರಗಟ್ಟುತ್ತದೆ.

ಎರಡನೆಯ ಅಡಚಣೆ ಬೆಳ್ಳಿಯದು. ನಮ್ಮ ಹೆಣ್ಣುಮಕ್ಕಳು ಕಾಲುಂಗುರ ಹಾಕುವುದು ಎರಡನೆಯ ಬೆರಳಿಗೆ. ಹೆಬ್ಬೆರಳು ಒತ್ತಿ, ಮೇಲೆದ್ದು, ಕೀಲು ಜಾರುವುದೂ ಬಹಳ ಸಲ ಅದೇ ಬೆರಳಿನಲ್ಲಿ. ಮದುವೆಯ ದಿನ ಹಾಕಿದ್ದು ಬಾತ ಗಿಣ್ಣು ದಾಟಿ ಈಚೆ ಬರುವುದಿಲ್ಲ, ಪತ್ತಾರನ ಹತ್ತಿರ ಕತ್ತರಿಸಿಯೇ ತೆಗೆಯಬೇಕು. ಕಾಲುಂಗುರ ಕತ್ತರಿಸುವುದೆಂದರೆ ಎಷ್ಟೋ ತಾಯಂದಿರಿಗೆ ಎಲುಬು ಕತ್ತರಿಸುವುದಕ್ಕಿಂತ ಕಠಿಣ. ಅದನ್ನು ಬಲ್ಲ ನರ್ಸಮ್ಮ “ಗಾಯ ಮಾಯ್ದ ಮ್ಯಾಲ ಬೆಳ್ಳಿ ಕರಗಿಸಿ ಹೊಸದು ಮಾಡಿಸ್ಕೊಂಡ್ರ ಆತಬೇ” ಎಂದು ಕೈ ಹಿಡಿದು ಹೇಳಿದರೆ, ಅದೂ ಚಿಕಿತ್ಸೆಯ ಒಂದು ಭಾಗವೇ.

ಹೆಬ್ಬೆರಳಿನ ಬುಡದ ಕೀಲು ಪೂರ್ತಿ ಸವೆದಿದ್ದರೆ ಅದನ್ನು ಬೆಸೆಯುತ್ತಾರೆ. ಎರಡೂ ತುದಿಗಳ ಉಳಿದ ಮೃದ್ವಸ್ಥಿ ಕೆರೆದು, ಒಂದನ್ನು ಬಟ್ಟಲಿನಂತೆ, ಇನ್ನೊಂದನ್ನು ಗುಂಡಗೆ ಮಾಡಿ, ಒಂದರೊಳಗೊಂದು ಕೂರಿಸಿ ಸ್ಕ್ರೂ, ಪ್ಲೇಟು ಹಾಕುತ್ತಾರೆ. ಎರಡು ಮೂರು ತಿಂಗಳಲ್ಲಿ ಎರಡು ಎಲುಬು ಒಂದಾಗುತ್ತವೆ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಾದಗಳಲ್ಲಿ ಬೆಸುಗೆ ಕೂಡುತ್ತದೆ. ಆದರೆ ಬೆಸೆಯುವ ಕೋನ ಒಮ್ಮೆ ನಿಂತರೆ ಜನ್ಮಕ್ಕೂ ಅದೇ. ನೆಲದಿಂದ 10ರಿಂದ 15 ಡಿಗ್ರಿ ಮೇಲಕ್ಕೆ ಇರಬೇಕು. ಕಡಿಮೆಯಾದರೆ ಬೆರಳು ನೆಲಕ್ಕೆ ನಾಟುತ್ತದೆ, ಹೆಚ್ಚಾದರೆ ಚಪ್ಪಲಿಗೆ ಉಜ್ಜುತ್ತದೆ. ಇದನ್ನು ನೋಡಲು ವೈದ್ಯರು ಆಪರೇಷನ್ ನಡುವೆಯೇ ಒಂದು ಚಪ್ಪಟೆ ಲೋಹದ ತಟ್ಟೆಯನ್ನು ಅಂಗಾಲಿಗೆ ಒತ್ತಿ ಹಿಡಿಯುತ್ತಾರೆ. ಮಲಗಿದ ರೋಗಿಯ ಪಾದಕ್ಕೆ ನೆಲವನ್ನೇ ಎತ್ತಿ ತಂದು ತೋರಿಸಿದ ಹಾಗೆ. ಬರಿಗಾಲಿನಲ್ಲಿ ಓಡಾಡುವವರು, ಹೊಲದಲ್ಲಿ ದುಡಿಯುವವರು ತಮ್ಮ ದಿನಚರಿಯನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ಕೋನ ತೀರ್ಮಾನವಾಗುವಾಗ ಆ ಮಾತಿಗೆ ಬೆಲೆ ಇದೆ.

ಉಳಿದ ನಾಲ್ಕು ಬೆರಳುಗಳ ಹಿಂದಿನ ಎಲುಬಿನ ತುದಿಗಳನ್ನು ತೆಗೆಯುವಾಗ, ಕತ್ತರಿಸಿದ ಕೊನೆಗಳು ಎರಡನೆಯದರಿಂದ ಐದನೆಯದರವರೆಗೆ ಕುಡುಗೋಲಿನ ಬಾಗಿನಂತೆ ಇಳಿಯುತ್ತ ಹೋಗಬೇಕು. ಒಂದು ಎಲುಬು ಕೆಲವೇ ಮಿಲಿಮೀಟರ್ ಉದ್ದ ಉಳಿದರೂ ದಿನಕ್ಕೆ 4,000 ಸಲ ಅದೊಂದೇ ನೆಲಕ್ಕೆ ಗುದ್ದುತ್ತದೆ, ಆಣಿ ಮತ್ತೆ ಬರುತ್ತದೆ. ಜಾರಿಹೋದ ಕೊಬ್ಬಿನ ಮೆತ್ತೆಯನ್ನು ಹಿಂದಕ್ಕೆಳೆದು ಎಲುಬಿನಡಿ ಕೂರಿಸುತ್ತಾರೆ. ನೇರಗೊಂಡ ಬೆರಳುಗಳನ್ನು ಹಿಡಿದಿಡುವುದು 1.6 ಮಿಲಿಮೀಟರ್ ದಪ್ಪದ ತಂತಿ. 1909ರಲ್ಲಿ ಜರ್ಮನಿಯ ಮಾರ್ಟಿನ್ ಕಿರ್ಷ್ನರ್ ಬಳಕೆಗೆ ತಂದ ಈ ತಂತಿ ಬೆರಳ ತುದಿಯಿಂದ ಒಳಹೊಕ್ಕು ನಾಲ್ಕರಿಂದ ಆರು ವಾರ ಅಲ್ಲೇ ಇರುತ್ತದೆ. ತೆಗೆದ ನಾಲ್ಕೂ ತುದಿಗಳನ್ನು ಸೇರಿಸಿದರೆ ಅಂಗೈಯ ಕುಳಿ ತುಂಬದು. ಇಷ್ಟು ವರ್ಷ ಕಾಲಡಿಯಲ್ಲಿದ್ದ ‘ಹರಳು’ ಎಂದರೆ ಅಷ್ಟೇ! ಈಗೀಗ ಔಷಧದಿಂದ ರೋಗ ಹತೋಟಿಗೆ ಬಂದವರಲ್ಲಿ ತುದಿಗಳನ್ನು ತೆಗೆಯದೆ, ಎಲುಬನ್ನು ಓರೆಯಾಗಿ ಕೊಯ್ದು ತುಸು ಹಿಂದೆ ಸರಿಸಿ, ಕೀಲು ಉಳಿಸುವ ವಿಧಾನವೂ ನಡೆಯುತ್ತಿದೆ.

ಮುಂದಿನ ಆರು ವಾರ ಹಿಮ್ಮಡಿಯ ಮೇಲಷ್ಟೇ ಭಾರ ಹಾಕುವ ವಿಶೇಷ ಚಪ್ಪಲಿ. ಬಾವು ಪೂರ್ತಿ ಇಳಿಯಲು ಆರು ತಿಂಗಳು, ಕೆಲವರಿಗೆ ವರ್ಷ. ಗಾಯ ತಡವಾಗಿ ಮಾಯಬಹುದು, ಕೀವಾಗಬಹುದು, ಬೆರಳು ಮತ್ತೆ ವಾಲಬಹುದು. ತಂಬಾಕು ಬಿಡದವರಿಗೆ ಈ ಅಪಾಯ ಹೆಚ್ಚು. ಇವನ್ನೆಲ್ಲ ಮೊದಲೇ ಕೇಳಿ ತಿಳಿದುಕೊಂಡು ಒಪ್ಪಬೇಕು. ಆಪರೇಷನ್ ಮೊದಲು ರೋಗದ ಗುಳಿಗೆ ತಾವಾಗಿಯೇ ನಿಲ್ಲಿಸುವ ತಪ್ಪನ್ನೂ ಮಾಡಬಾರದು. 2001ರಲ್ಲಿ ಇಂಗ್ಲೆಂಡಿನ ವೈದ್ಯರು ಎಲುಬು-ಕೀಲಿನ ಆಪರೇಷನ್ನಿಗೆ ಬಂದ 388 ರೋಗಿಗಳನ್ನು ನೋಡಿದರು. ಮೆಥೊಟ್ರೆಕ್ಸೇಟ್ ಗುಳಿಗೆ ಮುಂದುವರಿಸಿದವರಲ್ಲಿ ಸೋಂಕು ಮತ್ತಿತರ ತೊಂದರೆ ನೂರಕ್ಕೆ 2, ನಿಲ್ಲಿಸಿದವರಲ್ಲಿ ನೂರಕ್ಕೆ 15. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಾರದು ಎಂಬುದು ವೈದ್ಯರ ತೀರ್ಮಾನ.

ಆ ಗುಳಿಗೆಯ ಅಂಕಿಯೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುತ್ತದೆ. ಅದರ ಹಿಂದೆ ನೆರೆಯ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ನಡೆಸಿದ ಸಂಶೋಧನೆಯಿದೆ. ಮೊದಲು ರಕ್ತದ ಕ್ಯಾನ್ಸರಿಗೆಂದು ಬಂದ ಆ ಔಷಧದ ಬಳಗದಿಂದಲೇ ಮೆಥೊಟ್ರೆಕ್ಸೇಟ್ ಬಂತು. 1988ರಲ್ಲಿ ಅಮೆರಿಕದಲ್ಲಿ ಅದನ್ನು ಈ ಸಂಧಿವಾತಕ್ಕೆ ಒಪ್ಪಲಾಯಿತು. ವಾರಕ್ಕೆ ಒಂದೇ ದಿನದ ಔಷಧ. ದಿನಾ ನುಂಗಿದರೆ ಜೀವಕ್ಕೇ ಕುತ್ತು, ಗರ್ಭಿಣಿಯರಿಗೆ ಕೂಡದು, ಆಗಾಗ ರಕ್ತಪರೀಕ್ಷೆ ಬೇಕೇಬೇಕು. ವಾರಕ್ಕೆ 15 ಮಿಲಿಗ್ರಾಂ ಎಂದರೆ ವರ್ಷಕ್ಕೆ 780 ಮಿಲಿಗ್ರಾಂ. ಒಂದು ಗ್ರಾಂ ಕೂಡ ಆಗದು, ಇಪ್ಪತ್ತೈದು ಮೂವತ್ತು ಜೋಳದ ಕಾಳಿನ ತೂಕ. ಒಂದು ಪಾದ ವರ್ಷಕ್ಕೆ ಹೊರುವ 80,300 ಟನ್ ಒಂದು ಕಡೆ, ಹಿಡಿಗೂ ಸಾಲದ ಜೋಳದ ಕಾಳಿನ ತೂಕ ಇನ್ನೊಂದು ಕಡೆ. ಹೊತ್ತಿಗೆ ಸರಿಯಾಗಿ ಸಿಕ್ಕರೆ ಆ ಕಾಳಿನ ತೂಕವೇ ಬಹಳ ಜನರ ಪಾದವನ್ನು ಕತ್ತರಿಯಿಂದ ದೂರ ಇಡಬಲ್ಲದು. ಈ ಔಷಧಗಳು ಹರಡಿದ ದೇಶಗಳಲ್ಲಿ ಸಂಧಿವಾತಕ್ಕೆ ಮಾಡುವ ಕೀಲು ಶಸ್ತ್ರಕ್ರಿಯೆಗಳು ಒಟ್ಟಾರೆ ಇಳಿದಿವೆ.

ಈ ನಡುವೆ ಒಂದು ಅಡ್ಡದಾರಿ ಇದೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಹಾಸಿಗೆ ಹಿಡಿದ ಹೆಂಗಸೊಬ್ಬಳಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ, ವಾರದೊಳಗೆ ಆಕೆ ಎದ್ದು ಪೇಟೆ ಸುತ್ತಿ ಬಂದಳು. 1950ರಲ್ಲಿ ಹೆಂಚ್‌ಗೆ ನೊಬೆಲ್ ಬಂತು. ಆದರೆ ವರ್ಷಗಟ್ಟಲೆ ನುಂಗಿದರೆ ಅದೇ ಸ್ಟಿರಾಯ್ಡ್ ಎಲುಬನ್ನು ಟೊಳ್ಳು ಮಾಡುತ್ತದೆ, ಚರ್ಮ ತೆಳ್ಳಗಾಗಿಸುತ್ತದೆ, ಗಾಯ ಮಾಯಗೊಡುವುದಿಲ್ಲ ಎಂದು ಬೇಗ ತಿಳಿದುಬಂತು. ಚೀಟಿ ಇಲ್ಲದೆ ಪೊಟ್ಟಣ ಕಟ್ಟಿ ಕೊಡುವ, ಒಂದೇ ರಾತ್ರಿಗೆ ನೋವು ಇಳಿಸುವ ಗುಳಿಗೆಯಲ್ಲಿ ಇದೇ ಇರಬಹುದು. ನೋವು ಇಳಿದ ಆ ತಿಂಗಳುಗಳಲ್ಲಿ ಒಳಗೆ ಕೀಲು ಕರಗುತ್ತಲೇ ಇರಬಹುದು.

ಹಾಗಾದರೆ ಔಷಧ ಹೊತ್ತಿಗೆ ಸರಿಯಾಗಿ ಸಿಗುವುದು ಎಂದರೆ ಎಷ್ಟರೊಳಗೆ? ಬಾವು ಶುರುವಾದ ಹನ್ನೆರಡು ವಾರದೊಳಗೆ ಸರಿಯಾದ ಔಷಧ ಸಿಕ್ಕವರ ಕೀಲು ಹೆಚ್ಚು ಉಳಿಯುತ್ತದೆ ಎಂದು ಈ ರೋಗದ ತಜ್ಞರು ಹೇಳುತ್ತಾರೆ. ಹನ್ನೆರಡು ವಾರ ಎಂದರೆ 84 ದಿನ, ಒಂದು ಪಾದದ ಲೆಕ್ಕದಲ್ಲಿ 3,36,000 ಹೆಜ್ಜೆ. ನಮ್ಮಲ್ಲಿ ಆ ಹೆಜ್ಜೆಗಳು ಹತ್ತಿ ಹೊಲದಲ್ಲೇ ಮುಗಿದುಹೋಗುತ್ತವೆ. “ವಾತ ಅದ, ಹೊಕ್ಕದ ಬಿಡು” ಎನ್ನುವಷ್ಟರಲ್ಲಿ ಸುಗ್ಗಿ ದಾಟಿರುತ್ತದೆ. ರಾಯಚೂರು, ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. 2022-23ನೇ ಸಾಲಿನಿಂದ ಯಾದಗಿರಿಯಲ್ಲೂ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿನ ಮಿತಿ ಇದೆ. ಯಾವ ಚಿಕಿತ್ಸೆಗೆ ಎಷ್ಟು ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ಆಪರೇಷನ್ ತನಕ ಹೋಗದ ಪಾದಕ್ಕೂ ದಾರಿಯಿದೆ. ಕುಷ್ಠರೋಗಿಗಳ ಪಾದ ಕಾಯಲೆಂದು ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ರೂಢಿಗೆ ತಂದ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಇವತ್ತು ಸಂಧಿವಾತದ ಪಾದಕ್ಕೂ ಆಸರೆ.

ಮೊದಲ ಪರೀಕ್ಷೆಗೆ ಮಾತ್ರ ರೈಲು ಹತ್ತಬೇಕಿಲ್ಲ, ಯಂತ್ರವೂ ಬೇಡ. ಬೆಳಗ್ಗೆ ಎದ್ದಾಗ ಕೈಕಾಲಿನ ಬಿಗಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಉಳಿಯುತ್ತದೆಯೇ ಎಂದು ಕೇಳಿ. ಆಮೇಲೆ ಪಾದದ ಮುಂಭಾಗವನ್ನು, ಬೆರಳುಗಳ ಬುಡದಲ್ಲಿ, ಎರಡೂ ಬದಿಯಿಂದ ಕೈಕುಲುಕುವಷ್ಟು ಮೆಲ್ಲಗೆ ಒತ್ತಿ. ನೋವಿಗೆ ಮುಖ ಕಿವುಚಿದರೆ ಅದು ವೈದ್ಯರ ಹತ್ತಿರ ಹೋಗಬೇಕೆಂಬ ಸೂಚನೆ. ವೈದ್ಯರೂ ಮೊದಲು ಮಾಡಿ ನೋಡುವುದು ಇದನ್ನೇ.

ಹಬ್ಬದ ದಿನ ನಾವೆಲ್ಲ ತಾಯಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ಮುಟ್ಟಿದ ಕೈ ತಕ್ಷಣ ಮೇಲಕ್ಕೆ ಬಂದುಬಿಡುತ್ತದೆ. ಈ ಸಲ ಒಂದು ಗಳಿಗೆ ಅಲ್ಲೇ ಇರಲಿ. ಕಾಲುಂಗುರ ಸಲೀಸಾಗಿ ತಿರುಗುತ್ತದೆಯೇ ನೋಡಿ. ಬೆರಳ ಬುಡ ಮೆಲ್ಲಗೆ ಒತ್ತಿ, “ನೋಯ್ತದೇನವ್ವ?” ಎಂದು ಕೇಳಿ. “ಏನಿಲ್ಲಪ್ಪ” ಎಂದೇ ಅವಳು ಹೇಳುತ್ತಾಳೆ. ಮಾತು ಕೇಳಿ ಏಳಬೇಡಿ, ಮುಖ ನೋಡಿ.